ಹಾಲ್‌ನಲ್ಲಿ ಕಾರ್ಪೆಟ್, ಮನೆಯಲ್ಲಿ ಬೆಕ್ಕು: ತೊಳೆಯುವ ಮೆಷಿನ್ ನಿಜವಾಗಿ ಎಷ್ಟು ಉಪಯೋಗ?

ಬ್ಯಾರಿ ಮನೆಗಳಿಗೆ ಬೆಕ್ಕು ಹೊಸತೇನೂ ಅಲ್ಲ. ಮೀನು ಕೊಯ್ಯುವ ಹೊತ್ತಿಗೆ ಸರಿಯಾಗಿ ಹಿಂಬಾಗಿಲಲ್ಲಿ ಬಂದು ಕೂರುವ ಬೆಕ್ಕು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಉಂಟು. ಆದರೆ ಈಚಿನ ವರ್ಷಗಳಲ್ಲಿ ಬೆಕ್ಕು ಹಿಂಬಾಗಿಲಿನಿಂದ ಹಾಲ್‌ಗೆ ಬಂದಿದೆ. ಮಕ್ಕಳು ಉದ್ದ ಕೂದಲಿನ ಪರ್ಷಿಯನ್ ಬೆಕ್ಕು ಸಾಕುತ್ತಾರೆ. ಅದೇ ಹಾಲ್‌ನಲ್ಲಿ ದುಬೈಯಿಂದಲೋ ಜುಬೈಲ್‌ನಿಂದಲೋ ತಂದ ದಪ್ಪ ಕಾರ್ಪೆಟ್ ಹಾಸಿರುತ್ತದೆ. ಅದೇ ಕಾರ್ಪೆಟ್ ಮೇಲೆ ಮನೆಯವರ ನಮಾಝ್ ಕೂಡ ನಡೆಯುತ್ತದೆ.

ಬೆಕ್ಕು ಒಂದು ದಿನ ಕಾರ್ಪೆಟಿನ ಮೂಲೆಯಲ್ಲಿ ಮೂತ್ರ ಮಾಡಿತು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮನೆಯಲ್ಲಿ ಜಗಳ ಶುರು. ಉಮ್ಮನಿಗೆ ನಮಾಝಿನ ಜಾಗದ ಚಿಂತೆ, ಮಕ್ಕಳಿಗೆ ಬೆಕ್ಕಿನ ಚಿಂತೆ. ಎರಡು ಸಲ ಒರೆಸಿ, ಅತ್ತರ್ ಹೊಡೆದು ನೋಡ್ತಾರೆ. ವಾಸನೆ ಹೋಗುವುದಿಲ್ಲ. ಕೊನೆಗೆ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವ ಮನೆಗಳೂ ಇವೆ. ಮನೆಯೊಳಗೆ ಬೆಳೆದ ಬೆಕ್ಕು ಅಂಥ ಜಾಗದಲ್ಲಿ ಬದುಕಿ ಉಳಿಯುವುದು ಕಷ್ಟ.

ಈ ನಡುವೆ ಮೊಬೈಲಿನಲ್ಲಿ ಕಾರ್ಪೆಟ್ ತೊಳೆಯುವ ಮೆಷಿನ್‌ಗಳ ಜಾಹೀರಾತು ಬರ್ತಾ ಇರುತ್ತದೆ. ಒಂದು ಸಲ ಎಳೆದರೆ ಕಲೆ ಮಾಯ ಅಂತ ತೋರಿಸುತ್ತಾರೆ. ಆ ಮೆಷಿನ್ ಏನು ಮಾಡುತ್ತದೆ? ಅದರಿಂದ ತೊಳೆದ ಕಾರ್ಪೆಟ್ ನಮಾಝಿಗೆ ಆಗುತ್ತದಾ? ಅಷ್ಟು ದುಡ್ಡು ಹಾಕುವುದು ಲಾಭವಾ? ಒಂದೊಂದಾಗಿ ನೋಡುವ.

ಬೆಕ್ಕು ನಜಸ್ ಅಲ್ಲ, ಮೂತ್ರ ನಜಸ್

ಮೊದಲು ಬೆಕ್ಕಿನ ಮೇಲಿರುವ ಆಪಾದನೆಯನ್ನು ಸರಿ ಮಾಡಿಕೊಳ್ಳಬೇಕು. ಬೆಕ್ಕು ಕೂತ ಜಾಗ, ಮುಟ್ಟಿದ ಬಟ್ಟೆ, ಬಾಯಿ ಹಾಕಿದ ನೀರು ಇದರಿಂದಲೇ ನಜಸ್ ಆಗುವುದಿಲ್ಲ. ಸ್ವಹಾಬಿ ಅಬೂ ಖತಾದ (ರ.ಅ) ವುಝೂವಿಗೆ ಇಟ್ಟ ನೀರನ್ನು ಬೆಕ್ಕು ಕುಡಿಯಲು ಬಂದಾಗ ಪಾತ್ರೆಯನ್ನು ಬಗ್ಗಿಸಿ ಕೊಟ್ಟದ್ದು, ಬೆಕ್ಕು ನಜಸ್ ಅಲ್ಲ, ಅದು ಮನೆಯೊಳಗೆ ನಿಮ್ಮ ನಡುವೆ ಓಡಾಡುವ ಜೀವಿ ಎಂದು ಪ್ರವಾದಿ ಮುಹಮ್ಮದ್ (ಸ.ಅ) ಹೇಳಿದ್ದನ್ನು ನೆನಪಿಸಿದ್ದು ಅಬೂ ದಾವೂದ್, ತಿರ್ಮಿದಿ ಹದೀಸ್ ಗ್ರಂಥಗಳಲ್ಲಿ ಇದೆ. ಬೆಕ್ಕನ್ನು ಕಟ್ಟಿ ಹಾಕಿ ಅನ್ನ ನೀರು ಕೊಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ವಿಷಯ ಮದ್ರಸದ ಮಕ್ಕಳಿಗೂ ಗೊತ್ತು.

ಆದರೆ ಬೆಕ್ಕಿನ ಮೂತ್ರ, ಮಲ ನಜಸ್. ಅದರಲ್ಲಿ ಸಂಶಯ ಇಲ್ಲ. ಉದುರಿದ ಕೂದಲಿನ ವಿಷಯದಲ್ಲಿ, ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ, ಅಲ್ಪ ಪ್ರಮಾಣಕ್ಕೆ ಮಾಫ್ ಉಂಟು. ತುಂಬಾ ಕೂದಲು ಬಿದ್ದ ಜಾಗದಲ್ಲಿ ನಮಾಝ್ ಮಾಡದಿರುವುದು ಒಳ್ಳೆಯದು. ಹಾಗಾಗಿ ಕಾರ್ಪೆಟ್ ಇರುವ ಮನೆಯಲ್ಲಿ ಕೂದಲು ತೆಗೆಯುವುದು ದಿನದ ಕೆಲಸ, ಮೂತ್ರ ತೆಗೆಯುವುದು ತುರ್ತು ಕೆಲಸ. ಎರಡಕ್ಕೂ ಬೇಕಾದ ಮೆಷಿನ್ ಬೇರೆ ಬೇರೆ.

ಮೆಷಿನ್ ನಾಲ್ಕು ಬಗೆ

ಅಂಗಡಿಯಲ್ಲಿ ಎಲ್ಲದಕ್ಕೂ ವ್ಯಾಕ್ಯೂಮ್ ಅಂತಲೇ ಹೇಳಿ ಮಾರುತ್ತಾರೆ. ಆದರೆ ಕೆಲಸದಲ್ಲಿ ವ್ಯತ್ಯಾಸ ದೊಡ್ಡದು.

ಮೊದಲನೆಯದು ಸಾದಾ ಒಣ ವ್ಯಾಕ್ಯೂಮ್ ಕ್ಲೀನರ್. ಧೂಳು, ಕೂದಲು, ಮರಳು ಎಳೆಯುತ್ತದೆ. ನೀರು ಎಳೆದರೆ ಮೋಟಾರು ಹೋಗುತ್ತದೆ, ಶಾಕ್ ಹೊಡೆಯುವ ಅಪಾಯವೂ ಉಂಟು. ಹಸಿ ಮೂತ್ರದ ಮೇಲೆ ಇದನ್ನು ಇಡಲೇಬಾರದು.

ಎರಡನೆಯದು ವೆಟ್ ಆಂಡ್ ಡ್ರೈ ವ್ಯಾಕ್ಯೂಮ್. ಇದು ಧೂಳನ್ನೂ ಎಳೆಯುತ್ತದೆ, ನೀರನ್ನೂ ಎಳೆಯುತ್ತದೆ. ಆದರೆ ನೀರು ಬಿಡುವುದಿಲ್ಲ. ನೀರು ಕೈಯಿಂದ ಹಾಕಬೇಕು, ಮೆಷಿನ್ ಎಳೆದುಕೊಳ್ಳುತ್ತದೆ.

ಮೂರನೆಯದೇ ನಿಜವಾದ ಕಾರ್ಪೆಟ್ ತೊಳೆಯುವ ಮೆಷಿನ್. ಇದರಲ್ಲಿ ಎರಡು ಟ್ಯಾಂಕ್ ಇರುತ್ತದೆ. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಕೊಳೆ ನೀರು. ಸಣ್ಣ ಪಂಪು ಒಳ್ಳೆಯ ನೀರನ್ನು ಕಾರ್ಪೆಟಿನ ಎಳೆಗಳ ಒಳಗೆ ಚಿಮ್ಮಿಸುತ್ತದೆ, ಬ್ರಷ್ ತಿಕ್ಕುತ್ತದೆ, ಹಿಂದೆಯೇ ಇರುವ ಬಾಯಿ ಆ ನೀರನ್ನು ಕೊಳೆಯ ಸಮೇತ ಎಳೆದು ಇನ್ನೊಂದು ಟ್ಯಾಂಕಿಗೆ ಹಾಕುತ್ತದೆ. ಒಳಗೆ ಹೋದ ನೀರು ಪೂರ್ತಿ ಹೊರಗೆ ಬರುವುದಿಲ್ಲ, ಸ್ವಲ್ಪ ಭಾಗ ಕಾರ್ಪೆಟಿನಲ್ಲೇ ಉಳಿಯುತ್ತದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಬೇಕು, ಮುಂದೆ ಒಣಗಿಸುವ ಮಾತು ಬರುವಾಗ ಬೇಕಾಗುತ್ತದೆ.

ನಾಲ್ಕನೆಯದು ಸ್ಟೀಮ್ ಕ್ಲೀನರ್. ಬಿಸಿ ಆವಿ ಬಿಡುತ್ತದೆ, ಆದರೆ ಕೊಳೆಯನ್ನು ಎಳೆದು ತೆಗೆಯುವುದಿಲ್ಲ. ಟೈಲ್ಸಿಗೆ, ಗ್ಯಾಸ್ ಸ್ಟವ್‌ಗೆ ಒಳ್ಳೆಯದು. ಬೆಕ್ಕಿನ ಮೂತ್ರದ ಕಲೆಗೆ ಇದು ಉಲ್ಟಾ ಕೆಲಸ ಮಾಡುತ್ತದೆ. ಬಿಸಿಗೆ ಮೂತ್ರದ ಪ್ರೊಟೀನು ಎಳೆಗೆ ಅಂಟಿಕೊಂಡು ಕಲೆ, ವಾಸನೆ ಇನ್ನೂ ಗಟ್ಟಿಯಾಗುತ್ತದೆ. ಕಾರ್ಪೆಟ್ ಮೆಷಿನಿನ ಟ್ಯಾಂಕಿಗೂ ಕುದಿಯುವ ನೀರು ಹಾಕಬಾರದು. ಉಗುರು ಬೆಚ್ಚಗಿನ ನೀರು ಸಾಕು.

ವ್ಯಾಪಾರ ಮಾಡುವವರಿಗೆ ಇದರ ಚರಿತ್ರೆ ಇಷ್ಟ ಆಗಬಹುದು. ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಮೆಲ್ವಿಲ್ ಬಿಸೆಲ್ ಮತ್ತು ಆನ್ನಾ ಬಿಸೆಲ್ ಎಂಬ ದಂಪತಿ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟಿದ್ದರು. ಪಾತ್ರೆಗಳ ಪ್ಯಾಕಿಂಗಿನ ಮರದ ಹುಡಿ ಅಂಗಡಿಯ ಕಾರ್ಪೆಟಿಗೆ ಬಿದ್ದು ಗುಡಿಸಿ ಮುಗಿಯುತ್ತಿರಲಿಲ್ಲ. ಅದಕ್ಕಾಗಿ ಮೆಲ್ವಿಲ್ ಮಾಡಿದ ತಳ್ಳುವ ಬ್ರಷ್ ಪೆಟ್ಟಿಗೆಗೆ 1876ರಲ್ಲಿ ಪೇಟೆಂಟ್ ಸಿಕ್ಕಿತು. 1889ರಲ್ಲಿ ಅವರು ತೀರಿಕೊಂಡ ಮೇಲೆ ಆನ್ನಾ ಅವರೇ ಕಂಪನಿ ನಡೆಸಿದರು. ಇವತ್ತು ಸಾಕುಪ್ರಾಣಿ ಇರುವ ಮನೆಗಳ ಮೆಷಿನ್ ಅಂದರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ಅದೂ ಒಂದು.

ಮಳೆಗಾಲದಲ್ಲಿ ವಾಸನೆ ತಿರುಗಿ ಬರುವುದು ಯಾಕೆ?

ಬೇಸಿಗೆಯಲ್ಲಿ ಹೋಗಿದ್ದ ವಾಸನೆ ಜೂನ್‌ನಲ್ಲಿ ತಿರುಗಿ ಬಂತು ಎಂಬ ದೂರು ಬೆಕ್ಕು ಇರುವ ಮನೆಗಳಲ್ಲಿ ಸಾಮಾನ್ಯ. ಆಗ ಬೈಗುಳ ತಿನ್ನುವುದು ಬೆಕ್ಕು. ಆದರೆ ಹಲವು ಸಲ ಅದು ಹೊಸ ಮೂತ್ರ ಅಲ್ಲ, ಹಳೆಯದ್ದೇ.

ಬೆಕ್ಕಿನ ಮೂತ್ರ ತುಂಬಾ ಗಾಢ. ಅದರಲ್ಲಿರುವ ಯೂರಿಯಾ ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತದೆ. ಯೂರಿಕ್ ಆಸಿಡ್ ಹಾಗಲ್ಲ. ಅದು ಒಣಗಿ ಸಣ್ಣ ಹರಳುಗಳಾಗಿ ಕಾರ್ಪೆಟಿನ ಎಳೆಗೆ, ಅಡಿಯ ಬಟ್ಟೆಗೆ ಅಂಟಿಕೊಳ್ಳುತ್ತದೆ. ಸಾದಾ ನೀರಿಗೂ ಸಾಬೂನಿಗೂ ಸರಿಯಾಗಿ ಕರಗುವುದಿಲ್ಲ. ಒಣ ಹವೆಯಲ್ಲಿ ಸುಮ್ಮನೆ ಇರುತ್ತದೆ, ಗಾಳಿಯಲ್ಲಿ ತೇವ ಏರಿದಾಗ ಮತ್ತೆ ವಾಸನೆ ಬಿಡುತ್ತದೆ. ಇದಲ್ಲದೆ ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕ ಇರುವ ವಸ್ತು ಉಂಟು. ಅದು ನಿಧಾನವಾಗಿ ಒಡೆಯುತ್ತಾ ಹೋದಂತೆ ಆ ಕಟು ವಾಸನೆ ಬರುತ್ತದೆ. ಬೀಜ ತೆಗೆಯದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು.

ಹಾಗಾಗಿ ಅತ್ತರ್, ರೂಮ್ ಫ್ರೆಶ್ನರ್, ಶಾಂಪೂ ಯಾವುದೂ ಪೂರ್ತಿ ಪರಿಹಾರ ಅಲ್ಲ. ಇದಕ್ಕೆ ಎಂಜೈಮ್ ಇರುವ ಕ್ಲೀನರ್ ಬೇಕು. ಸಾಕುಪ್ರಾಣಿ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಂಜೈಮ್‌ಗಳು ಮೂತ್ರದ ವಸ್ತುಗಳನ್ನು ಒಡೆದು ನೀರಿನಲ್ಲಿ ಹೋಗುವ ಹಾಗೆ ಮಾಡುತ್ತವೆ. ಅದಕ್ಕೆ ಸಮಯ ಬೇಕು, ತೇವ ಬೇಕು. ಹಾಕಿದ ಕೂಡಲೇ ಒರೆಸಿದರೆ ಹಾಕಿದ್ದು ದಂಡ. ಬಾಟಲಿಯಲ್ಲಿ ಬರೆದಷ್ಟು ಹೊತ್ತು ಹಾಗೆಯೇ ಬಿಡಬೇಕು.

ಸ್ವಚ್ಛ ಆದದ್ದೆಲ್ಲ ಶುದ್ಧಿ ಆಗುವುದಿಲ್ಲ

ಜಾಹೀರಾತಿನಲ್ಲಿ ಹೇಳದ ವಿಷಯ ಇದು. ಕಾರ್ಪೆಟ್ ಕಣ್ಣಿಗೆ ಹೊಳೆಯುವ ಹಾಗೆ ಇರಬಹುದು, ಘಮ ಘಮ ಅನ್ನಬಹುದು, ಆದರೂ ನಮಾಝಿಗೆ ಶುದ್ಧಿ ಆಗದೆ ಇರಬಹುದು.

ಶಾಫಿಈ ಕಿತಾಬುಗಳಲ್ಲಿ ಇರುವ ಕ್ರಮ ಸರಳ. ಮೊದಲು ನಜಸಿನ ವಸ್ತುವನ್ನೇ ತೆಗೆಯಬೇಕು, ಅಂದರೆ ಹಸಿ ಮೂತ್ರವನ್ನು ಬಟ್ಟೆಯಿಂದ ಹೀರಿ ತೆಗೆಯಬೇಕು. ಮತ್ತೆ ಆ ಜಾಗದ ಮೇಲೆ ಶುದ್ಧ ನೀರು ಹಾಯಿಸಬೇಕು. ಬಣ್ಣ, ವಾಸನೆ, ರುಚಿ ಹೋಗಬೇಕು. ಎಷ್ಟು ಪ್ರಯತ್ನ ಮಾಡಿದರೂ ಬಣ್ಣ ಮಾತ್ರ ಅಥವಾ ವಾಸನೆ ಮಾತ್ರ ಉಳಿದರೆ ಅದಕ್ಕೆ ಮಾಫ್ ಉಂಟು. ಎರಡೂ ಒಟ್ಟಿಗೆ ಉಳಿದರೆ ಇಲ್ಲ. ಮೂತ್ರ ಒಣಗಿ ಬಣ್ಣ, ವಾಸನೆ ಯಾವುದೂ ಇಲ್ಲದಿದ್ದರೆ ಆ ಜಾಗದ ಮೇಲೆ ಒಮ್ಮೆ ನೀರು ಹಾಯಿಸಿದರೆ ಸಾಕು.

ಇದರಲ್ಲಿ ಮೆಷಿನ್ ಇಟ್ಟುಕೊಂಡವರಿಗೆ ಮೂರು ಪಾಠ ಉಂಟು.

ಒಂದು, ನೀರು ನಜಸಿನ ಮೇಲೆ ಬರಬೇಕು, ನಜಸ್ ನೀರಿಗೆ ಹೋಗಬಾರದು. ಎರಡು ಖುಲ್ಲತ್‌ಗಿಂತ, ಅಂದರೆ ಇವತ್ತಿನ ಲೆಕ್ಕದಲ್ಲಿ ಸುಮಾರು 200 ಲೀಟರಿಗಿಂತ ಕಡಿಮೆ ಇರುವ ನೀರಿಗೆ ನಜಸ್ ಬಿದ್ದರೆ ಆ ನೀರೆಲ್ಲ ನಜಸ್. ಬಕೆಟಿನಲ್ಲಿ ಬಟ್ಟೆ ಅದ್ದಿ ಒರೆಸಿ, ಅದೇ ಬಟ್ಟೆಯನ್ನು ಮತ್ತೆ ಅದೇ ಬಕೆಟಿಗೆ ಅದ್ದುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇದೆ. ಇದರಿಂದ ಒಂದು ಅಂಗೈ ಅಗಲದ ನಜಸ್ ಇಡೀ ಹಾಲ್‌ಗೆ ಹರಡುತ್ತದೆ. ಎರಡು ಟ್ಯಾಂಕ್ ಇರುವ ಮೆಷಿನ್ ಈ ವಿಷಯದಲ್ಲಿ ಬಕೆಟಿಗಿಂತ ಎಷ್ಟೋ ಮೇಲು. ಅದರ ಒಳ್ಳೆಯ ನೀರಿಗೆ ಕೊಳೆ ನೀರು ಸೇರುವುದಿಲ್ಲ.

ಎರಡು, ಶಾಂಪೂ ಕಲಸಿದ ನೀರು ಕೊಳೆ ತೆಗೆಯುತ್ತದೆ, ಆದರೆ ಶುದ್ಧಿಗೆ ಬೇಕಾದದ್ದು ಸಾದಾ ನೀರು. ಹೆಚ್ಚಿನವರು ಟ್ಯಾಂಕಿಗೆ ಶಾಂಪೂ ಹಾಕಿ ತೊಳೆದು, ಅಷ್ಟಕ್ಕೇ ನಿಲ್ಲಿಸಿ, ಒಣಗಲು ಬಿಡುತ್ತಾರೆ. ಕೊನೆಯ ಸುತ್ತು ಏನೂ ಕಲಸದ ನೀರಿನಲ್ಲೇ ಆಗಬೇಕು.

ಮೂರು, ಸ್ಪ್ರೇ ಬರೇ ಒದ್ದೆ ಮಾಡಿದರೆ ಸಾಲದು. ಮೂತ್ರ ಎಷ್ಟು ಅಗಲಕ್ಕೆ ಹರಡಿದೆಯೋ ಅಷ್ಟೂ ಜಾಗದ ಮೇಲೆ ನೀರು ಹರಿಯಬೇಕು. ಹಾಗಾಗಿ ಕೊನೆಯ ಸುತ್ತಿನಲ್ಲಿ ಮಗ್‌ನಿಂದ ನೀರು ಸುರಿದು, ಮೆಷಿನಿನಿಂದ ಎಳೆದು ತೆಗೆಯುವುದು ಹೆಚ್ಚು ಸಮಾಧಾನದ ಕೆಲಸ.

ನಾಯಿಯ ವಿಷಯ ಬೇರೆ. ತೋಟದ ಕಾವಲಿಗೆ ನಾಯಿ ಸಾಕುವ ಮನೆಗಳು ಪುತ್ತೂರು, ಸುಳ್ಯದ ಕಡೆ ಉಂಟು. ಒದ್ದೆ ನಾಯಿ ಒಳಗೆ ಬಂದು ಕಾರ್ಪೆಟ್ ಮೇಲೆ ಮಲಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಿಂದ. ಮಣ್ಣು ನೀರು ಮೆಷಿನಿಗೆ ಹಾಕಿದರೆ ಪಂಪು ಕಟ್ಟಿಹೋಗುತ್ತದೆ. ಇದನ್ನು ಅಂಗಳದಲ್ಲಿ ಕೈಯಿಂದಲೇ ಮಾಡಬೇಕು. ಬೇರೆ ಮದ್‌ಹಬಿನವರಿಗೆ ಕೆಲವು ವಿವರಗಳಲ್ಲಿ ವ್ಯತ್ಯಾಸ ಇರುತ್ತದೆ. ಸಂಶಯ ಬಂದಾಗ ಊರಿನ ಖತೀಬ್ ಉಸ್ತಾದರಲ್ಲಿ ಕೇಳುವುದೇ ಸರಿ.

ತೊಳೆಯುವ ಕ್ರಮ

ಹಸಿ ಮೂತ್ರ ಕಂಡ ಕೂಡಲೇ ಹಳೆಯ ಹತ್ತಿ ಬಟ್ಟೆ ಇಟ್ಟು ಒತ್ತಬೇಕು. ತಿಕ್ಕಬಾರದು, ತಿಕ್ಕಿದರೆ ಒಳಗೆ ಇಳಿಯುತ್ತದೆ. ಬಟ್ಟೆ ಬದಲಿಸುತ್ತಾ ಮೇಲೆ ಕಾಲಿಟ್ಟು ಭಾರ ಹಾಕಿದರೆ ಹೆಚ್ಚಿನ ಪಾಲು ಮೇಲೆ ಬರುತ್ತದೆ. ಮೊದಲ ಹತ್ತು ನಿಮಿಷದ ಈ ಕೆಲಸ ಆಮೇಲಿನ ಮೆಷಿನ್ ಕೆಲಸಕ್ಕಿಂತ ದೊಡ್ಡದು.

ಹಳೆಯ ಕಲೆ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಸಣ್ಣ ಯುವಿ ಟಾರ್ಚ್ ತಗೊಂಡು ರಾತ್ರಿ ಲೈಟ್ ಆರಿಸಿ ನೋಡಬೇಕು. ಮೂತ್ರ ಬಿದ್ದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಹೊಳೆದದ್ದೆಲ್ಲ ಮೂತ್ರ ಅಲ್ಲ, ಸಾಬೂನಿನ ಅಂಶವೂ ಹೊಳೆಯುತ್ತದೆ. ಮೂಗಿನಿಂದ ಖಾತ್ರಿ ಮಾಡಿಕೊಳ್ಳಬೇಕು.

ಕಾರ್ಪೆಟ್ ಒಣಗಿರುವಾಗಲೇ ವ್ಯಾಕ್ಯೂಮಿನಿಂದ ಕೂದಲು ತೆಗೆಯಬೇಕು. ಒದ್ದೆ ಕೂದಲು ಬ್ರಷ್‌ಗೆ ಸುತ್ತಿ, ಪೈಪಿನಲ್ಲಿ ಉಂಡೆಯಾಗಿ ಮೆಷಿನ್ ನಿಂತುಹೋಗುತ್ತದೆ. ಬೆಕ್ಕು ಇರುವ ಮನೆಗಳಲ್ಲಿ ಈ ಮೆಷಿನ್‌ಗಳು ಬೇಗ ಹಾಳಾಗುವುದು ಹೆಚ್ಚಾಗಿ ಹೀಗೆ.

ಬಣ್ಣ ಬಿಡುತ್ತದಾ ಎಂದು ಒಂದು ಮೂಲೆಯಲ್ಲಿ ಬಿಳಿ ಬಟ್ಟೆ ಒದ್ದೆ ಮಾಡಿ ಒತ್ತಿ ನೋಡಬೇಕು. ಉಣ್ಣೆ, ರೇಷ್ಮೆ ಕಾರ್ಪೆಟ್‌ಗಳನ್ನು ಈ ಮೆಷಿನಿಗೆ ಕೊಡದಿರುವುದೇ ಲೇಸು. ಗಲ್ಫಿನಿಂದ ಬರುವ ಹೆಚ್ಚಿನ ಕಾರ್ಪೆಟ್‌ಗಳು ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಎಳೆಯವು. ಅವು ನೀರು ತಡೆದುಕೊಳ್ಳುತ್ತವೆ, ಆದರೆ ಅಡಿಯಲ್ಲಿ ಸೆಣಬು ಇದ್ದರೆ ಹೆಚ್ಚು ನೀರಿಗೆ ಕಂದು ಬಣ್ಣ ಮೇಲೆ ಬರುತ್ತದೆ.

ಇನ್ನು ಎಂಜೈಮ್ ಕ್ಲೀನರ್ ಹಾಕಿ, ಬೆಕ್ಕು ನೆಕ್ಕದ ಹಾಗೆ ಮುಚ್ಚಿ, ಹೇಳಿದಷ್ಟು ಹೊತ್ತು ಬಿಡಬೇಕು. ಆಮೇಲೆ ಮೆಷಿನ್. ಕಲೆಯ ಹೊರ ಅಂಚಿನಿಂದ ಒಳಗೆ ಬರಬೇಕು. ಒಂದು ಸಲ ನೀರು ಬಿಟ್ಟು ಎಳೆದರೆ ಎರಡು ಮೂರು ಸಲ ನೀರು ಬಿಡದೆ ಬರೇ ಎಳೆಯಬೇಕು. ಶಾಂಪೂವಿನ ಕೆಲಸ ಮುಗಿದ ಮೇಲೆ ಕೊಳೆ ಟ್ಯಾಂಕ್ ಚೆಲ್ಲಿ, ಎರಡೂ ಟ್ಯಾಂಕ್ ಮತ್ತು ಮೆಷಿನಿನ ಬಾಯಿಯನ್ನು ನಳ್ಳಿಯ ಕೆಳಗೆ ತೊಳೆದು, ಸಾದಾ ನೀರು ತುಂಬಿ ಕೊನೆಯ ಸುತ್ತು ಮಾಡಬೇಕು. ಎಳೆದ ನೀರು ಬಣ್ಣ, ವಾಸನೆ, ನೊರೆ ಇಲ್ಲದೆ ಬರುವ ತನಕ ನಿಲ್ಲಿಸಬಾರದು. ಕೊಳೆ ನೀರನ್ನು ವುಝೂ ಮಾಡುವ ಬೇಸಿನಿಗೆ ಚೆಲ್ಲುವುದು ಬೇಡ, ಟಾಯ್ಲೆಟಿಗೆ ಹಾಕಿ ನೀರು ಬಿಡಬೇಕು.

ಮೂತ್ರ ಅಡಿಯ ತನಕ ಇಳಿದಿದ್ದರೆ ಮೇಲಿನಿಂದ ಮೆಷಿನ್ ಓಡಿಸಿ ಪ್ರಯೋಜನ ಇಲ್ಲ. ಮಡಚಬಹುದಾದ ಕಾರ್ಪೆಟ್ ಆದರೆ ಅಂಗಳಕ್ಕೋ ಟೆರೇಸಿಗೋ ಒಯ್ದು ಪೈಪಿನ ನೀರಿನಲ್ಲಿ ಎರಡೂ ಬದಿ ತೊಳೆಯುವುದೇ ಸರಿ. ಮುಸಲ್ಲದಂಥ ಸಣ್ಣದಕ್ಕೆ ಮೆಷಿನ್ ಬೇಕೇ ಬೇಡ. ಗಲ್ಫಿನ ಫ್ಲಾಟ್‌ಗಳಲ್ಲಿ ನೆಲಕ್ಕೆ ಅಂಟಿಸಿದ ಕಾರ್ಪೆಟ್ ಇದ್ದರೆ ಮಾತ್ರ ಬೇರೆ ದಾರಿ ಇಲ್ಲ, ಅಲ್ಲಿ ಮೆಷಿನ್ ನಿಜವಾಗಿ ಬೇಕಾದ ವಸ್ತು.

ಒಣಗಿಸುವುದೇ ದೊಡ್ಡ ಕೆಲಸ

ರಾಯಚೂರು ದಾಟಿ ಕೃಷ್ಣಾ ನದಿಯ ಆಚೀಚೆ ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಸುತ್ತಿನ ಕೊತ್ತಪಲ್ಲಿಯಂಥ ಊರುಗಳಲ್ಲಿ ಕನ್ನಡ, ತೆಲುಗು, ದಖ್ಖನಿ ಉರ್ದು ಒಟ್ಟಿಗೆ ನಡೆಯುತ್ತದೆ. ಅದು ಒಣ ಸೀಮೆ. ಅಲ್ಲಿ ಬೀಳುವ ಮಳೆ ಮಂಗಳೂರಿನ ಮಳೆಯ ಕಾಲು ಭಾಗವೂ ಇಲ್ಲ. ಮೇ ತಿಂಗಳಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಡೆಯ ಮನೆಗಳಲ್ಲಿ ಹಾಸುವುದು ಹೆಚ್ಚಾಗಿ ಹತ್ತಿಯ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಹೆಂಗಸರು ಮಗ್ಗದಲ್ಲಿ ನೇಯುವ ಜಮಖಾನಕ್ಕೆ, ತೆಲಂಗಾಣದ ವರಂಗಲ್ ಜಮಖಾನಕ್ಕೆ ಜಿಐ ಮಾನ್ಯತೆಯೂ ಉಂಟು. ಎಳೆ ಎದ್ದು ನಿಲ್ಲದ ತೆಳು ಹಾಸು ಅದು. ಒಗೆದು ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ಒಣಗುತ್ತದೆ. ಮೆಷಿನಿನ ಪ್ರಶ್ನೆಯೇ ಬರುವುದಿಲ್ಲ.

ಕರಾವಳಿಯಲ್ಲಿ ಎಲ್ಲ ಉಲ್ಟಾ. ದಪ್ಪ ಕಾರ್ಪೆಟ್, ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ, ಗಾಳಿಯಲ್ಲಿ ಸದಾ ನೀರು. ಮೆಷಿನ್ ಎಳೆಯದೆ ಉಳಿಸಿದ ಸ್ವಲ್ಪ ನೀರು ಇಲ್ಲಿ ದೊಡ್ಡ ಸಮಸ್ಯೆ. ಕಾರ್ಪೆಟ್ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಬೆಕ್ಕಿನ ವಾಸನೆ ತೆಗೆಯಲು ಹೋಗಿ ಬೂಷ್ಟಿನ ವಾಸನೆ ತಂದುಕೊಂಡ ಹಾಗೆ ಆಗುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಅದು ಇನ್ನೂ ಕೆಟ್ಟದು.

ಹಾಗಾಗಿ ಇಲ್ಲಿಯ ಮನೆಗಳಲ್ಲಿ ಇಡೀ ಕಾರ್ಪೆಟ್ ತೊಳೆಯುವ ಕೆಲಸ ಮಳೆ ಶುರುವಾಗುವ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಕಲೆ ಬಿದ್ದ ಜಾಗ ಮಾತ್ರ ತೊಳೆಯಬೇಕು. ತೊಳೆದ ಭಾಗದ ಅಡಿಗೆ ಎರಡು ಇಟ್ಟಿಗೆಯೋ ಪ್ಲಾಸ್ಟಿಕ್ ಸ್ಟೂಲೋ ಇಟ್ಟು ಎತ್ತರಿಸಿ, ಟೇಬಲ್ ಫ್ಯಾನ್ ಬಿಡಬೇಕು. ಎಸಿ ಇದ್ದರೆ ಡ್ರೈ ಮೋಡಿಗೆ ಹಾಕಬಹುದು. ಇನ್ನೂ ಒಳ್ಳೆಯ ಉಪಾಯ, ಮಳೆ ನಾಲ್ಕು ತಿಂಗಳು ದಪ್ಪ ಕಾರ್ಪೆಟ್ ಸುತ್ತಿ ಮೇಲಿಟ್ಟು ಹಾಲ್‌ಗೆ ಚಾಪೆ ಅಥವಾ ತೆಳು ಜಮಖಾನ ಹಾಸುವುದು.

ಕ್ಲೀನರ್ ಬೆಕ್ಕಿಗೆ ವಿಷ ಆಗಬಹುದು

ಮನುಷ್ಯರಿಗೆ ಏನೂ ಮಾಡದ ವಸ್ತು ಬೆಕ್ಕನ್ನು ಕೊಲ್ಲಬಹುದು. ಫಿನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಗೆ ಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತುಂಬಾ ಕಡಿಮೆ. ನೆಲ ಒರೆಸುವ ಫಿನೈಲ್, ಕ್ಲೋರೋಕ್ಸಿಲಿನಾಲ್ ಇರುವ ಆಂಟಿಸೆಪ್ಟಿಕ್ ದ್ರವ, ಟೀ ಟ್ರೀ ಎಣ್ಣೆ ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಕಾರ್ಪೆಟಿಗೆ ಹಾಕಿದರೆ ಅದರ ಮೇಲೆ ನಡೆದ ಬೆಕ್ಕು ಕಾಲು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ನಾಯಿಯ ಉಣ್ಣಿಗೆ, ಚಿಗಟಕ್ಕೆ ಮಾರುವ ಪರ್ಮೆಥ್ರಿನ್ ಪುಡಿಯೂ ಬೆಕ್ಕಿಗೆ ಮಾರಕ.

ಬ್ಲೀಚಿಂಗ್ ದ್ರವದ ವಿಷಯದಲ್ಲಿ ಅಪಾಯ ಮನುಷ್ಯರಿಗೂ ಉಂಟು. ಹಳೆಯ ಮೂತ್ರದಲ್ಲಿ ಅಮೋನಿಯಾ ಇರುತ್ತದೆ, ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಎಂಬ ವಿಷ ಗಾಳಿ ಹುಟ್ಟುತ್ತದೆ. ಕಣ್ಣು ಉರಿ, ಕೆಮ್ಮು, ಉಸಿರುಕಟ್ಟುವುದು ಆಗುತ್ತದೆ. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಬೆಕ್ಕು ಅದನ್ನು ಮೂತ್ರದ ವಾಸನೆ ಎಂದುಕೊಂಡು ಅದೇ ಜಾಗಕ್ಕೆ ತಿರುಗಿ ಬರುತ್ತದೆ.

ಮೆಷಿನ್ ಓಡುವಾಗ ಬೆಕ್ಕನ್ನು ಬೇರೆ ರೂಮಿನಲ್ಲಿ ಇಡಬೇಕು. ಆ ಶಬ್ದಕ್ಕೆ ಹೆದರಿ ಅಡಗಿ ಕೂತ ಬೆಕ್ಕು ಮತ್ತೆಲ್ಲೋ ಮೂತ್ರ ಮಾಡುವುದುಂಟು. ಕಾರ್ಪೆಟ್ ಪೂರ್ತಿ ಒಣಗಿದ ಮೇಲೆ ಬಿಟ್ಟರೆ ಸಾಕು.

ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲ ತೆಗೆಯುವ ಕೆಲಸ ಬೇರೆಯವರು ಮಾಡಬೇಕು. ಟಾಕ್ಸೋಪ್ಲಾಸ್ಮ ಎಂಬ ರೋಗಾಣು ಕೆಲವು ಬೆಕ್ಕುಗಳ ಮಲದಲ್ಲಿ ಬರುತ್ತದೆ. ಅದು ರೋಗ ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ದಿನಾಲೂ ತೆಗೆದು ಹಾಕಿದರೆ ಅಪಾಯ ತುಂಬಾ ಕಡಿಮೆಯಾಗುತ್ತದೆ. ಅಲರ್ಜಿ ಇರುವವರಿಗೆ ತೊಂದರೆ ಮಾಡುವುದು ಮುಖ್ಯವಾಗಿ ಬೆಕ್ಕಿನ ಜೊಲ್ಲು, ಚರ್ಮದಿಂದ ಬರುವ ಒಂದು ಪ್ರೊಟೀನು. ಕೂದಲು ಅದನ್ನು ಹೊತ್ತು ತಿರುಗುತ್ತದೆ, ಕಾರ್ಪೆಟ್ ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಮನೆಯಲ್ಲಿ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬೇಕು. ಮಲಗುವ ಕೋಣೆಯಲ್ಲಿ ಕಾರ್ಪೆಟ್ ಬೇಡ.

ದುಡ್ಡಿನ ಲೆಕ್ಕ

ಒಂದು ಉದಾಹರಣೆ ತಗೊಳ್ಳುವ. ಮೆಷಿನಿಗೆ 16,000 ರೂಪಾಯಿ, ಬಾಳಿಕೆ 5 ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,200 ಆಯಿತು. ಶಾಂಪೂ, ಎಂಜೈಮಿಗೆ ವರ್ಷಕ್ಕೆ 1,500 ಸೇರಿಸಿದರೆ 4,700. ಕರೆಂಟಿನದ್ದು ಲೆಕ್ಕಕ್ಕೆ ಬರುವಷ್ಟಿಲ್ಲ, 1,200 ವ್ಯಾಟಿನ ಮೆಷಿನ್ ಅರ್ಧ ಗಂಟೆ ಓಡಿದರೆ 0.6 ಯೂನಿಟ್.

ಇನ್ನೊಂದು ಕಡೆ, ಹೊರಗೆ ತೊಳೆಯಲು ಚದರ ಅಡಿಗೆ 15 ರೂಪಾಯಿ ಎಂದಿಟ್ಟುಕೊಂಡರೆ 5 ಅಡಿ 7 ಅಡಿಯ ಒಂದು ಕಾರ್ಪೆಟಿಗೆ 525, ಎರಡಕ್ಕೆ 1,050. ವರ್ಷಕ್ಕೆ ಎರಡು ಸಲ ಕೊಟ್ಟರೆ 2,100. ಮೂರು ಸಲ ಆದರೂ 3,150. ವರ್ಷಕ್ಕೆ ಐದು ಸಲ ತೊಳೆಯಬೇಕಾದರೆ ಮಾತ್ರ 5,250 ಆಗಿ ಸ್ವಂತ ಮೆಷಿನ್ ಲಾಭ. ಊರಿನ ದರ ಬೇರೆ ಇರಬಹುದು, ಆದರೆ ಲೆಕ್ಕ ಹಾಕುವ ರೀತಿ ಇದೇ.

ಬೆಕ್ಕು ಇರುವ ಮನೆಗೆ ಅಗ್ಗದ ದಾರಿ ಎರಡನೆಯ ಬಗೆಯ ವೆಟ್ ಆಂಡ್ ಡ್ರೈ ವ್ಯಾಕ್ಯೂಮ್. ಕಾರ್ಪೆಟ್ ಮೆಷಿನಿಗಿಂತ ಕಡಿಮೆ ದುಡ್ಡಿಗೆ ಬರುತ್ತದೆ, ಧೂಳಿಗೂ ಆಗುತ್ತದೆ, ಮಳೆನೀರು ಒಳಗೆ ಬಂದರೂ ಆಗುತ್ತದೆ. ಮಗ್‌ನಿಂದ ನೀರು ಸುರಿದು ಇದರಿಂದ ಎಳೆದರೆ ಸಣ್ಣ ಕಲೆಯ ಮಟ್ಟಿಗೆ ಮೂರನೆಯ ಮೆಷಿನ್ ಮಾಡುವ ಕೆಲಸವನ್ನೇ ಮಾಡುತ್ತದೆ. ಒಂದೇ ತರವಾಡಿನ ಮೂರು ನಾಲ್ಕು ಮನೆಯವರು ಸೇರಿ ಒಂದು ದೊಡ್ಡ ಮೆಷಿನ್ ತಗೊಳ್ಳುವುದೂ ಆಗಬಹುದು. ಮೊಹಲ್ಲಾದ ಯುವಕರ ಸಂಘದವರು ಮೆಷಿನ್ ಇಟ್ಟುಕೊಂಡು ಬಾಡಿಗೆಗೆ ತೊಳೆದು ಕೊಟ್ಟರೆ ರಮಳಾನಿನ ಮೊದಲು ಮಸೀದಿಗಳ ಕೆಲಸವೇ ಸಾಕಷ್ಟು ಸಿಗುತ್ತದೆ. ಹಂಚಿಕೊಳ್ಳುವಾಗ ಒಂದು ಮನೆಯ ನಜಸ್ ಇನ್ನೊಂದು ಮನೆಗೆ ಹೋಗದ ಹಾಗೆ ಟ್ಯಾಂಕ್, ಪೈಪ್, ಬಾಯಿ ತೊಳೆದೇ ಕೊಡಬೇಕು.

ಗಲ್ಫಿನಿಂದ ಮೆಷಿನ್ ತರುವವರು ವೋಲ್ಟೇಜ್ ನೋಡಬೇಕು. 110 ಅಥವಾ 127 ವೋಲ್ಟಿನದ್ದು ಇಲ್ಲಿಯ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ. ನೀರಿನ ಮೆಷಿನ್ ಆದ್ದರಿಂದ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಬೇಕು. ಬೋರ್ಡಿನಲ್ಲಿ ಆರ್‌ಸಿಸಿಬಿ ಇರುವುದು ಒಳ್ಳೆಯದು. ಬ್ರಷ್, ಬೆಲ್ಟ್ ಸಿಗುತ್ತದಾ, ಹತ್ತಿರದಲ್ಲಿ ಸರ್ವಿಸ್ ಉಂಟಾ ಎಂದು ತಗೊಳ್ಳುವ ಮೊದಲೇ ಕೇಳಬೇಕು.

ಬೆಕ್ಕು ಕಾರ್ಪೆಟ್ ಮೇಲೆಯೇ ಯಾಕೆ ಹೋಗುತ್ತದೆ?

ಕಾರಣ ತಿಳಿಯದೆ ಎಷ್ಟು ತೊಳೆದರೂ ಮುಗಿಯುವುದಿಲ್ಲ. ಬೆಕ್ಕು ಹಠಕ್ಕೆ ಮೂತ್ರ ಮಾಡುವುದಿಲ್ಲ. ಮರಳಿನ ಟ್ರೇ ಕೊಳಕಾಗಿದ್ದರೆ, ಊಟದ ಪಾತ್ರೆಯ ಹತ್ತಿರ ಇಟ್ಟಿದ್ದರೆ, ಮಕ್ಕಳು ಓಡಾಡುವ ದಾರಿಯಲ್ಲಿದ್ದರೆ ಅದು ಮೆತ್ತಗಿನ ಬೇರೆ ಜಾಗ ಹುಡುಕುತ್ತದೆ. ಬೆಕ್ಕಿನ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚು ಇರಬೇಕು, ದಿನಾಲೂ ತೆಗೆಯಬೇಕು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಪ್ರಾಯಕ್ಕೆ ಬಂದ ಗಂಡು ಬೆಕ್ಕು ಗೋಡೆಗೆ, ಸೋಫಾಕ್ಕೆ ಚಿಮ್ಮಿಸುತ್ತದೆ. ಅದಕ್ಕೆ ಆಪರೇಶನ್ ಮಾಡಿಸುವ ವಿಷಯದಲ್ಲಿ ಪಶುವೈದ್ಯರಲ್ಲಿಯೂ ಉಸ್ತಾದರಲ್ಲಿಯೂ ಕೇಳಿ ನಿರ್ಧಾರ ಮಾಡಬಹುದು.

ಎಲ್ಲಕ್ಕಿಂತ ಮುಖ್ಯ, ಇದು ಕಾಯಿಲೆಯ ಲಕ್ಷಣವೂ ಆಗಿರಬಹುದು. ಟ್ರೇಯನ್ನೇ ಬಳಸುತ್ತಿದ್ದ ಬೆಕ್ಕು ಒಮ್ಮೆಲೇ ಅಲ್ಲಿ ಇಲ್ಲಿ ಸ್ವಲ್ಪ ಸ್ವಲ್ಪ ಮೂತ್ರ ಮಾಡಿದರೆ, ಅದರಲ್ಲಿ ರಕ್ತ ಕಂಡರೆ, ಮೂತ್ರಕೋಶದ ತೊಂದರೆ ಇರಬಹುದು. ಗಂಡು ಬೆಕ್ಕು ಪದೇ ಪದೇ ಕೂತು ಮುಕ್ಕರಿಸಿದರೂ ಮೂತ್ರ ಬರದಿದ್ದರೆ ನಾಳೆ ನೋಡುವ ಎನ್ನಬಾರದು. ಮೂತ್ರದ ದಾರಿ ಕಟ್ಟಿಹೋದ ಬೆಕ್ಕು ಎರಡು ಮೂರು ದಿನದೊಳಗೆ ಸಾಯಬಹುದು. ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು.

ಗೋಣಿಚೀಲ ಹುಡುಕುವ ಮೊದಲು ಮಾಡಬೇಕಾದ ಕೆಲಸ ಇಷ್ಟು: ಟ್ರೇ ನೋಡುವುದು, ಬೆಕ್ಕನ್ನು ಡಾಕ್ಟರಿಗೆ ತೋರಿಸುವುದು, ಕಲೆಗೆ ಎಂಜೈಮ್ ಹಾಕಿ ಸಾದಾ ನೀರಿನಲ್ಲಿ ತೊಳೆಯುವುದು, ಪೂರ್ತಿ ಒಣಗಿಸುವುದು. ನಮಾಝಿಗೆ ಬೆಕ್ಕು ಹೋಗದ ಒಂದು ಕೋಣೆಯನ್ನೋ, ಮಡಚಿ ಕಪಾಟಿನಲ್ಲಿಡುವ ಮುಸಲ್ಲವನ್ನೋ ಬೇರೆಯಾಗಿ ಇಟ್ಟುಕೊಂಡರೆ ಉಮ್ಮನ ಚಿಂತೆಯೂ ಕಡಿಮೆಯಾಗುತ್ತದೆ. ಇಷ್ಟು ಮಾಡಿದ ಮನೆಗಳಲ್ಲಿ ಎಷ್ಟೋ ಸಲ ಮೆಷಿನ್ ತಗೊಳ್ಳುವ ಅಗತ್ಯವೇ ಬರುವುದಿಲ್ಲ. ಬಂದರೆ, ಎರಡು ಟ್ಯಾಂಕ್ ಇರುವುದನ್ನೇ ತಗೊಳ್ಳಬೇಕು.